ಅರ್ಧ ದಾರಿ ಕೊಟ್ಟೆ

ನಾನು ಜಂಕ್ಷನ್ನಿನಿಂದ ಮೆಕ್ಕೆಜೋಳದ ಕಡುಬು ಕೆಂಕೆಯನ್ನೂ ಹುರಿದ ಮೀನನ್ನೂ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಅಪ್ಪ ಕಂಪ್ಯೂಟರ್ ಆರಿಸಲು ಹೋಗಿದ್ದರು. ಬಾಗಿಲಲ್ಲೇ ನನಗೆ ತಿಳಿದುಹೋಯಿತು. ಕೋಣೆಯ ಗೋಡೆಗಳಿಗೆಲ್ಲ ನೀಲಿ ಬೆಳಕು ಬಳಿದಂತಿತ್ತು. ಅದರ ನಡುವೆ ಅಪ್ಪ ಎಡಗೈಯನ್ನು ಮೌಸಿನ ಮೇಲಿಟ್ಟುಕೊಂಡು, ನನ್ನತ್ತ ತಿರುಗದೆ ಕೂತಿದ್ದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ನಿಮ್ಮದನ್ನೆಲ್ಲ ಉಳಿಸುತ್ತಿದ್ದೇನೆ.

"ಎಗ್ಯಾ, ಆರಿಸಬೇಡಿ ಅಂದಿದ್ನಲ್ಲ." ಎಗ್ಯಾ ಎಂದರೆ ನಮ್ಮಲ್ಲಿ ಅಪ್ಪ.

"ಸಂಜೆ... ಆಯ್ತು," ಎಂದರು ಅಪ್ಪ. ಪಾರ್ಶ್ವವಾಯು ಹೊಡೆದಾಗಿನಿಂದ ಅವರ ಮಾತು ಕತ್ತಲಲ್ಲಿ ಮೆಟ್ಟಿಲಿಳಿಯುವವರ ಹಾಗೆ ತಡವಿ ತಡವಿ ಬರುತ್ತದೆ. "ಸಂಜೆ ಆರಿಸ್ಬೇಕು."

ನಾನು ಪೊಟ್ಟಣವನ್ನು ಮೇಜಿನ ಮೇಲಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆ ಪೆಟ್ಟಿಗೆಯೊಳಗೆ ಒಂದು ಹಾಡಿತ್ತು. ಬರುವ ಭಾನುವಾರಕ್ಕೆ ಅಮ್ಮ ತೀರಿಕೊಂಡು ವರ್ಷ. ನಾವು ಶೋಕದ ಕಪ್ಪು ಕಳಚಿ ಬಿಳಿ ಉಡುವ ದಿನ. ಆ ದಿನ ಚರ್ಚಿನಲ್ಲಿ ಹಾಡಲೆಂದು ಅಪ್ಪ ಅವಳಿಗಾಗಿ ಒಂದು ಹಾಡು ಕಟ್ಟಿದ್ದರು. ಕಡಲತಡಿಯ ನಮ್ಮೂರು ಅನೊಮಾಬುವಿನ ಚರ್ಚಿನ ಗಾಯಕರಿಗೆ ನನ್ನ ಅಪ್ಪನೇ ಮಾಸ್ಟರು. ಅಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ ಮಳೆಗಾಲವಿಡೀ ಅವರು ಆ ಯಂತ್ರದ ಮುಂದೆ ಕೂತು, ಮೂಗಿನಲ್ಲೇ ಗುನುಗುತ್ತ, ಎರಡು ಬೆರಳಲ್ಲಿ ಒಂದೊಂದೇ ಸ್ವರಾಕ್ಷರ ಒತ್ತುತ್ತಿದ್ದರು. ಪಿಯಾನೊ ನುಡಿಸುವವರು ಓದುವ ಗೆರೆಗಳು ನಮಗೆ ಬೇಡ; ನಾವು ಸ್ವರವನ್ನು ಅಕ್ಷರದಲ್ಲೇ ಬರೆಯುವವರು. ಒಂದರ ಕೆಳಗೊಂದು ನಾಲ್ಕು ಸಾಲು, ಹೆಂಗಸರದು ಎರಡು, ಗಂಡಸರದು ಎರಡು, ಅದರಡಿ ನಮ್ಮ ಫಾಂಟಿ ಭಾಷೆಯ ಮಾತು. ಹಾಡು ಹಾಗೆ ಪುಟ ತುಂಬುತ್ತ ಬಂತು. ಆಮೇಲೆ ಒಂದು ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಮುಖ ತೊಳೆಯುತ್ತಿದ್ದವರು ಹಾಗೇ ಬಲಕ್ಕೆ ವಾಲಿ ಬಿದ್ದರು. ಆಸ್ಪತ್ರೆಯಿಂದ ಅಪ್ಪ ಮನೆಗೆ ಬಂದರು, ಹಾಡು ಬರಲಿಲ್ಲ. ಅದರ ಒಂದು ಸಾಲೂ ಅವರ ತಲೆಯಲ್ಲಿ ಉಳಿದಿರಲಿಲ್ಲ. ಲೋಕದಲ್ಲಿ ಆ ಹಾಡು ಇದ್ದದ್ದು ಆ ಒಂದು ಪೆಟ್ಟಿಗೆಯಲ್ಲಿ ಮಾತ್ರ.

ಪೆಟ್ಟಿಗೆಯಾದರೋ ಉಪ್ಪುಗಾಳಿ ಕುಡಿದು ಮುದಿಯಾಗಿತ್ತು. ನಮ್ಮ ಮನೆಯಿಂದ ಅಲೆ ಕಾಣುವುದಿಲ್ಲ, ಆದರೆ ಬೀಗ, ಚಿಲಕ, ಚಮಚ ಎಲ್ಲದರ ಮೇಲೂ ಅದರ ನಾಲಗೆ ಆಡಿದೆ. ಪ್ರಿಂಟರು ಸತ್ತು ಕೋಳಿಗೂಡಿನ ಪಕ್ಕ ಸೇರಿತ್ತು. ಪೆನ್‌ಡ್ರೈವ್ ಸಿಕ್ಕಿಸುವ ತೂತುಗಳು ಹಸಿರು ಹಿಡಿದು ಮುಚ್ಚಿಹೋಗಿದ್ದವು. ಕಳೆದ ಧೂಳುಗಾಳಿಯ ತಿಂಗಳಿಂದ ಅದಕ್ಕೆ ಇನ್ನೊಂದು ರೋಗ ಹತ್ತಿತ್ತು. ಆರಿಸಹೋದರೆ ಆರದೆ ಆ ನೀಲಿಯಲ್ಲೇ ನಿಂತುಬಿಡುತ್ತಿತ್ತು. ಕೊನೆಗೆ ಪ್ಲಗ್ ಕೀಳಬೇಕು. ಹೋದ ಸಲ ಹಾಗೆ ಕಿತ್ತು ಮತ್ತೆ ಹೊತ್ತಿಸಿದಾಗ ಅದು ಅರ್ಧ ಗಂಟೆ ಬಿಳಿ ಅಂಕಿಗಳನ್ನು ಕಕ್ಕುತ್ತ ಒದ್ದಾಡಿತು. ಹಾಡು ತೆರೆದು ನೋಡಿದರೆ ಮೊದಲ ಪುಟದಲ್ಲಿ ಎರಡು ಸಾಲು ಇರಲೇ ಇಲ್ಲ. ಅವನ್ನು ಅಪ್ಪ ಗುನುಗಿದ್ದು ಹೇಗೋ ನನ್ನ ಕಿವಿಯಲ್ಲಿತ್ತು, ತುಂಬಿಸಿದೆ. ಮುಂದಿನದು ನನ್ನ ಕಿವಿಯಲ್ಲಿರಲಿಲ್ಲ.

ಅಂದಿನಿಂದ ಅದನ್ನು ಆರಿಸಿರಲಿಲ್ಲ. ನನ್ನ ಫೋನಿಗೆ ಕ್ಯಾಮೆರಾ ಇಲ್ಲ; ಆರಿಸದೆಯೇ ಕೈಯಲ್ಲಿ ನಕಲು ಮಾಡಿಬಿಡೋಣ ಎಂದು ಶುರು ಮಾಡಿದ್ದೆ. ಪುಟ ಸರಿಸಿದರೆ ಸಾಕು, ಯಂತ್ರ ಗುಡ್ಡ ಹತ್ತಿದ ಮುದುಕನ ಹಾಗೆ ಏದುಸಿರು ಬಿಡುತ್ತಿತ್ತು. ಅದಕ್ಕೇ ಒಂದೊಂದೇ ಪುಟ ಇಳಿಯುತ್ತಿದ್ದೆ. ಎರಡು ಪುಟ ಬರೆದಾಗಿತ್ತು. ಉಳಿದದ್ದು ಈ ನೀಲಿಯ ಹಿಂದೆ.

"ಏನಾಯ್ತೇ?" ಎಂದು ಒಳಗಿನಿಂದ ನಾನಾ ಬಂದಳು. ನಾನಾ ಎಂದರೆ ನಮ್ಮಜ್ಜಿ, ಅಮ್ಮನ ತಾಯಿ. ಮಗಳ ಸಾವಿಗೆ ಬಂದವಳು ಅಳಿಯನನ್ನು ಬಿಟ್ಟು ಹೋಗಲಾರದೆ ಉಳಿದಿದ್ದಳು. ಪರದೆ ನೋಡಿದಳು, ನನ್ನ ಮುಖ ನೋಡಿದಳು. "ಓ. ಮತ್ತೆ ಮುನಿಸಿಕೊಂಡಿತಾ."

ಆಗಲೇ ಬೀದಿಯಲ್ಲಿ ವಿದ್ಯುತ್ತಿನವರ ವ್ಯಾನು ಧ್ವನಿವರ್ಧಕದಲ್ಲಿ ಕೂಗುತ್ತ ಹೋಯಿತು. ನಾಳೆ ಶುಕ್ರವಾರ ಮಧ್ಯಾಹ್ನದಿಂದ ಈ ಸಾಲಿಗೆ ಕರೆಂಟ್ ಇರುವುದಿಲ್ಲ, ಟ್ರಾನ್ಸ್‌ಫಾರ್ಮರ್ ಬದಲಾಯಿಸುತ್ತೇವೆ, ಸಹಕರಿಸಿ.

ನಾವು ಮೂವರೂ ಆ ದನಿ ಮೂಲೆ ತಿರುಗಿ ಕರಗುವವರೆಗೆ ಕೇಳಿದೆವು. ಪ್ಲಗ್ಗನ್ನು ಕೀಳಲು ಇನ್ನು ನಮ್ಮ ಕೈ ಬೇಕಿರಲಿಲ್ಲ.

ಬೆಳಿಗ್ಗೆಯೂ ಪರದೆ ನೀಲಿಯೇ. ನಾನು ಹೋಗಿ ಜೋಜೋನನ್ನು ಎಬ್ಬಿಸಿಕೊಂಡು ಬಂದೆ. ಜೋಜೋ ನಮ್ಮ ಜಂಕ್ಷನ್ನಿನಲ್ಲಿ ಫೋನು ರಿಪೇರಿಯ ಗೂಡಂಗಡಿ ಇಟ್ಟವನು. ಚರ್ಚಿನಲ್ಲಿ ಗಂಡಸರ ಮೇಲುದನಿ ಟೆನರ್ ಹಾಡುತ್ತಾನೆ, ಅದೂ ಸ್ವಲ್ಪ ಜೋರಾಗಿಯೇ ಹಾಡುತ್ತಾನೆ. ಕೋಣೆಗೆ ಬರುತ್ತಲೇ ಅಪ್ಪನ ಮುಂದೆ ತಲೆ ಬಾಗಿಸಿ, ಯಂತ್ರದ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ.

"ಮಾಸ್ಟರ್, ಇದು ಹುಟ್ಟಿದಾಗ ನಾನಿನ್ನೂ ಚಡ್ಡಿ ಹಾಕ್ತಿರಲಿಲ್ಲ."

"ಈಗ ಹಾಕಿದೀಯಲ್ಲ, ಸಾಕು. ಕೆಲ್ಸ ನೋಡು," ಎಂದಳು ನಾನಾ.

ಅವನು ಕೀಲಿಮಣೆಯ ಒಂದು ಗುಂಡಿ ಒತ್ತಿದ. ಮೂಲೆಯ ಸಣ್ಣ ದೀಪ ಹೊತ್ತಿತು. ಮತ್ತೆ ಒತ್ತಿದ, ಆರಿತು.

"ಜೀವ ಇದೆ ಸಿಸ್ಟರ್. ಪೂರ್ತಿ ಹೋಗಿದ್ರೆ ಈ ದೀಪ ಆಡ್ತಾ ಇರಲಿಲ್ಲ."

"ಹಾಗಾದ್ರೆ ಯಾಕೆ ಆರ್ತಿಲ್ಲ?"

"ಅದೇ ನೋಡ್ಬೇಕು."

ಅವನು ಪೆಟ್ಟಿಗೆಯ ಪಕ್ಕಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿದ. ಒಳಗೆ ಏನೋ ಗುರ್ರೆಂದು ತಿರುಗಿ, ನಿಂತು, ಟಿಕ್ ಎಂದು, ಮತ್ತೆ ಗುರ್ರೆನ್ನುತ್ತಿತ್ತು. ಇಡೀ ರಾತ್ರಿ ನಾನದನ್ನು ನಿದ್ದೆಯಲ್ಲೂ ಕೇಳಿದ್ದೆ. ಜೋಜೋ ಕಣ್ಣು ತೆರೆದಾಗ ಅವನ ಮುಖದ ತಮಾಷೆ ಇಳಿದಿತ್ತು.

"ಹಾರ್ಡ್ ಡಿಸ್ಕ್ ಸಾಯ್ತಾ ಇದೆ. ಇದು ಅದರ ಗೊರಕೆ."

"ಹಾಡು ಇರೋದು ಅದ್ರಲ್ಲೇ ಅಲ್ವಾ?"

"ಅದ್ರಲ್ಲೇ."

"ಬಿಚ್ಚಿ ನಿನ್ನಂಗಡಿಗೆ ಒಯ್ದು ತೆಗಿಯೋಕೆ ಆಗುತ್ತಾ?"

"ಆಗುತ್ತೆ, ಆದ್ರೆ ಇವತ್ತಲ್ಲ. ಈ ಕಾಲದ ವೈರು ಇದಕ್ಕೆ ಹೊಂದಲ್ಲ. ಆಕ್ರಾದಿಂದ ತರಿಸ್ಬೇಕು, ಮುಂದಿನ ವಾರ ಆಗುತ್ತೆ. ಆಮೇಲೆ ಸಿಸ್ಟರ್, ಬಿಚ್ಚಬೇಕಾದ್ರೆ ಮೊದ್ಲು ಪ್ಲಗ್ ಕೀಳ್ಬೇಕು. ಹೋದ ಸಲ ಎರಡು ಸಾಲು ತಿಂತು ಅಂದ್ರಿ. ಈ ಸಲ ಎದ್ದೇಳುತ್ತೆ ಅಂತ ನಾನು ಮಾತು ಕೊಡಲ್ಲ."

ಪ್ಲಗ್ ಎಂಬ ಮಾತು ಕೇಳಿದ್ದೇ ಅಪ್ಪ ಊರುಗೋಲನ್ನು ಎತ್ತಿ ಗೋಡೆಗೆ, ಸ್ವಿಚ್ಚಿನ ಎದುರಿಗೆ, ಅಡ್ಡ ಇಟ್ಟರು.

"ಮಾಸ್ಟರ್, ನಾನು ಮುಟ್ಟಲ್ಲ. ಕೋಲು ಇಳಿಸಿ."

ಅಪ್ಪ ಇಳಿಸಲಿಲ್ಲ.

ಎದುರು ಮನೆಯವರ ಜನರೇಟರ್ ಇತ್ತಲ್ಲ ಎಂದು ಹೋಗಿ ಕೇಳಿದೆ. ಕೊಡುತ್ತೇವೆ, ಆದರೆ ತಂತಿ ಬದಲಿಸುವಾಗ ಒಂದು ಕ್ಷಣವಾದರೂ ಕರೆಂಟ್ ತಪ್ಪೀತು ಎಂದರು. ಒಂದು ಕ್ಷಣವೇ ಸಾಕಿತ್ತು ಅದಕ್ಕೆ. ಬ್ಯಾಟರಿಪೆಟ್ಟಿಗೆ ಇದೆಯೇ ಎಂದು ಜೋಜೋ ಮೇಜಿನ ಕೆಳಗೆ ನುಸುಳಿದ. ಇತ್ತು. ಬೆಕ್ಕು ಅದರ ಮೇಲೆ ಮರಿ ಹಾಕಿತ್ತು. ಒಳಗೆ ಉಪ್ಪಿನ ಪುಡಿ. ಅಲ್ಲಿಂದಲೇ ಕಂಬದ ಕಡೆಯ ಕಿಟಕಿಯತ್ತ ನೋಡಿ, "ಬಂದ್ರು," ಎಂದ. ಹಳದಿ ಟೋಪಿಯ ಇಬ್ಬರು ಹುಡುಗರು ಏಣಿ ಇಳಿಸುತ್ತಿದ್ದರು. ನಾನಾ ಹೊರಗೆ ಹೋಗಿ ಅವರ ಹತ್ತಿರ ಏನೋ ಕೇಳಿಕೊಂಡಳು. ಅವರು ನಕ್ಕು ಕೈಮುಗಿದರು. ಆಮೇಲೆ ಅವಳು ಶೇಂಗಾದ ಮೊರ ಹಿಡಿದುಕೊಂಡು ಬಂದು ಹೊಸ್ತಿಲ ಪಕ್ಕ ಕೂತಳು.

ನನಗೆ ಇನ್ನೇನೂ ತೋಚಲಿಲ್ಲ. ಎರಡನೆಯ ಪುಟದ ಕೊನೆಯ ಸ್ವರ ಹಿಡಿದು, ಮುಂದೆ ತಾನಾಗಿ ಏನಾದರೂ ಬರುತ್ತದೆಯೋ ಎಂದು ಅಪ್ಪನ ಎದುರು ಮಂಡಿಯೂರಿ ಗುನುಗಿದೆ. ನಾನು ಎರಡು ದಾರಿ ತೋರಿಸಿದೆ, ಮೇಲಕ್ಕೊಂದು, ಕೆಳಕ್ಕೊಂದು. "ಹೀಗಾ ಎಗ್ಯಾ? ಇಲ್ಲ ಹೀಗೆ ಇಳಿತಾ?"

ಅಪ್ಪ ನನ್ನ ತುಟಿಗಳನ್ನೇ ನೋಡುತ್ತಿದ್ದರು. ದೂರದ ಊರಿನ ಬಸ್ಸು ಇದೇ ನಿಲ್ದಾಣಕ್ಕೆ ಬರುತ್ತದೆಯೇ ಎಂದು ಕಾಯುವವರ ನೋಟ ಅದು. ತಲೆಯಾಡಿಸಿದರು. "ಚೆನ್ನಾಗಿದೆ. ಯಾ... ಯಾರದು?"

ನಾನು ಎದ್ದು ಗೋಡೆಯ ಕಡೆ ಮುಖ ಮಾಡಿದೆ.

ಜೋಜೋ ಉಪಕರಣಗಳನ್ನು ಚೀಲಕ್ಕೆ ತುಂಬತೊಡಗಿದ. ಅಂಗಡಿಯ ಮುಂದೆ ಯಾರೋ ಕಾಯುತ್ತಿದ್ದಾರೆ ಎಂದ. ಬಾಗಿಲ ಬಳಿ ಹೋಗಿ, ಒಂದು ಕಾಲು ಹೊಸ್ತಿಲಾಚೆ ಇಟ್ಟು, ನಾನಾಳ ಕಡೆ ಬಾಗಿದ.

"ನಾನಾ, ದಾರಿ ಕೇಳ್ತೀನಿ."

ನಾನಾ ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಾನಾ, ದಾರಿ ಕೊಡಿ."

"ಯಾವ ದಾರಿ? ಬಂದ ಕೆಲ್ಸ ಆಗಿಲ್ಲ, ಇವನಿಗೆ ದಾರಿ ಬೇಕಂತೆ."

"ಇದು ನನ್ನ ಕೈಯಲ್ಲಾಗೋ ಕೆಲ್ಸ ಅಲ್ಲ ನಾನಾ."

"ಹಾಗಾದ್ರೆ ನಿಂತ್ಕೋ."

ಜೋಜೋ ನಿಂತ. ಮನೆಯ ಹಿರಿಯರು 'ಅರ್ಧ ದಾರಿ ಕೊಟ್ಟೆ' ಎನ್ನದೆ ನಮ್ಮಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಇನ್ನರ್ಧ ನಮ್ಮ ಹತ್ತಿರವೇ ಉಳಿಯುತ್ತದೆ, ಅದಕ್ಕಾಗಿ ಹೋದವರು ಮತ್ತೆ ಬರಬೇಕು. ಅವನು ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು, ಚೀಲವನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡ. ಬಿಸಿಲು ಅವನ ಬೆನ್ನಿಗೆ ಬಡಿಯುತ್ತಿತ್ತು. ಶೇಂಗಾದ ಸಿಪ್ಪೆ ಚಿಟ್ ಚಿಟ್ ಎನ್ನುತ್ತಿತ್ತು.

"ನಾನಾ, ದಾರಿ," ಎಂದ ಮತ್ತೆ, ಮೆಲ್ಲಗೆ.

ನನ್ನ ಬೆನ್ನ ಹಿಂದೆ ಯಂತ್ರ ಗುರ್ರೆಂದಿತು. ನಿಂತಿತು. ಟಿಕ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಗುರ್ರೆಂದಿತು.

"ನಾನಾ, ಸ್ವಲ್ಪ ದಯೆ ಇಡಿ."

ಗುರ್ರ್. ಟಿಕ್.

ನಾನು ಗೋಡೆಯಿಂದ ತಿರುಗಿದೆ. ಇಬ್ಬರೂ ಒಂದನ್ನೇ ಕೇಳುತ್ತಿದ್ದರು. ಒಬ್ಬನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ, ಇನ್ನೊಂದು ಮೇಜಿನ ಕೆಳಗಿನಿಂದ ಕೇಳುತ್ತಿತ್ತು, ಉತ್ತರ ಬರದೆ ಎರಡೂ ನಿಂತಲ್ಲೇ ನಿಂತಿದ್ದವು. ಆಗ ಅದು ನೆನಪಾಯಿತು. ಹೇಗೆ ಮರೆತಿದ್ದೆನೋ ತಿಳಿಯದು.

ನಾನು ಶಾಲೆಯಲ್ಲಿದ್ದಾಗ ನಮ್ಮ ಗಾಯಕರು ಕೇಪ್ ಕೋಸ್ಟಿನ ಸ್ಟುಡಿಯೊದಲ್ಲಿ ಹಾಡಿ ಒಂದು ಸಿಡಿ ಮಾಡಿಸಿಕೊಂಡು ಬಂದಿದ್ದರು. ಕೊನೆಯ ಹಾಡು ಮುಗಿದರೂ ಮೈಕು ಆರಿರಲಿಲ್ಲ. ಅಪ್ಪ ಸ್ಟುಡಿಯೊದವನಿಗೆ ದಾರಿ ಕೇಳುವುದು ಅದರಲ್ಲಿ ಕೇಳುತ್ತಿತ್ತು. ಅವನಿಗೆ ಏನು ಹೇಳಬೇಕೋ ತಿಳಿಯದೆ ತಡವರಿಸುತ್ತಿರುವಾಗ ಅಮ್ಮನೇ ಆ ಜಾಗದ ಯಜಮಾನಿಯ ಹಾಗೆ ಗಂಭೀರವಾಗಿ, "ಅರ್ಧ ದಾರಿ ಕೊಟ್ಟೆ," ಎಂದಿದ್ದಳು. ಆಮೇಲೆ ಎಲ್ಲರ ನಗು. ಅಪ್ಪನಿಗೆ ಅದು ಎಷ್ಟು ಹಿಡಿಸಿತೆಂದರೆ, ಸಿಡಿಯನ್ನು ಕಂಪ್ಯೂಟರಿಗೆ ಹಾಕಿ ಅಲ್ಲೇ ಬಿಟ್ಟು, ಆರುವ ಹೊತ್ತಿಗೆ ಅದು ಸಾಮಾನ್ಯವಾಗಿ ಬಾರಿಸುವ ಗಂಟೆಯನ್ನು ತೆಗೆದುಹಾಕಿ, ಆ ಜಾಗದಲ್ಲಿ ಅಮ್ಮನ ಆ ಮಾತು ಬರುವ ಹಾಗೆ ಮಾಡಿದ್ದರು. ನಮ್ಮ ಮನೆಯಲ್ಲಿ ಯಂತ್ರವೂ ದಾರಿ ಕೇಳದೆ ಹೋಗಕೂಡದು ಎಂದಿದ್ದರು. ಪ್ರತಿ ಸಂಜೆ ಪೆಟ್ಟಿಗೆಯಿಂದ ಅಮ್ಮ ದಾರಿ ಕೊಡುತ್ತಿದ್ದಳು. ಅಡಿಗೆಮನೆಯಿಂದ ನಿಜವಾದ ಅಮ್ಮ, "ನನ್ನನ್ನ ಕೇಳದೆ ನೀನ್ಯಾಕೆ ಕೊಟ್ಟೆ," ಎಂದು ರೇಗುತ್ತಿದ್ದಳು. ಆಮೇಲೆ ಸ್ಪೀಕರುಗಳು ಉಪ್ಪು ತಿಂದು ಸತ್ತವು. ದನಿ ನಿಂತಿತು. ನಾವು ಮರೆತೆವು.

ಪೆಟ್ಟಿಗೆಯ ಮುಖಕ್ಕೆ ಧೂಳು ಕೂರದಿರಲೆಂದು ಅಮ್ಮ ಹೆಣೆದ ಬಿಳಿ ಕ್ರೋಶಾ ಹೊದಿಕೆ ಇತ್ತು. ಅದನ್ನು ಮೇಲೆತ್ತಿದೆ. ಸಿಡಿ ಹಾಕುವ ಬಾಯಿಯ ಪಕ್ಕ ಸಣ್ಣ ಹಸಿರು ದೀಪ ಮಿಣುಕುತ್ತಿತ್ತು. ಗುರ್ರೆಂದಾಗ ಹೊತ್ತುತ್ತಿತ್ತು, ಟಿಕ್ ಎಂದಾಗ ಆರುತ್ತಿತ್ತು.

"ಜೋಜೋ, ಇಲ್ಲಿ ಬಾ."

"ನಾನಾ ದಾರಿ ಕೊಟ್ಟಿಲ್ಲ."

"ಹೊರಗೆ ಹೋಗೋಕೆ ದಾರಿ ಬೇಕು, ಒಳಗೆ ಬರೋಕಲ್ಲ. ಬಾ ಬೇಗ."

ನಾನು ಹೇಳಿದ್ದನ್ನು ಕೇಳುತ್ತ ಕೇಳುತ್ತ ಜೋಜೋನ ಬಾಯಿ ತೆರೆದುಕೊಂಡಿತು. ಮತ್ತೆ ಕಿವಿ ಹಚ್ಚಿದ, ಈ ಸಲ ಮೇಲುಗಡೆ.

"ಸಾಯ್ತಿರೋದು ಹಾರ್ಡ್ ಡಿಸ್ಕ್ ಅಲ್ಲ ಸಿಸ್ಟರ್. ಸಿಡಿ ಇದು. ಉಪ್ಪು ಹಿಡಿದು ಓದೋಕೆ ಆಗ್ತಿಲ್ಲ. ಸಿಡಿ ಇಲ್ಲವೇ ಇಲ್ಲ ಅಂದಿದ್ರೆ ಬಿಟ್ಟು ಮುಂದೆ ಹೋಗ್ತಿತ್ತು. ಇದೆ, ಆದ್ರೆ ಮಾತಾಡ್ತಿಲ್ಲ. ಅದಕ್ಕೇ ಮತ್ತೆ ಮತ್ತೆ ಕೇಳ್ತಾ ಇದೆ."

"ತೆಗೆದ್ರೆ?"

"ತೆಗೆದ್ರೆ ಆರುತ್ತೆ. ಸರಿಯಾಗಿ, ಎಲ್ಲ ಉಳಿಸಿಟ್ಟು ಆರುತ್ತೆ. ಗುಂಡಿ ಒತ್ತಿದ್ರೆ ಈಗ ಬಾಯಿ ತೆರೆಯಲ್ಲ. ಆದ್ರೆ ಇಲ್ಲೊಂದು ಸೂಜಿತೂತು ಇದೆ ನೋಡಿ, ಇದ್ರಲ್ಲಿ ಚುಚ್ಚಿ ಎಳೀಬಹುದು. ನಾನಾ, ನಿಮ್ಮ ತಲೆವಸ್ತ್ರದ ಪಿನ್ನು ಕೊಡಿ."

"ಬೇಡ," ಎಂದರು ಅಪ್ಪ.

ಆ ಒಂದು ಮಾತು ತಡವರಿಸದೆ ಬಂದಿತ್ತು. ಊರುಗೋಲು ಈಗ ಸ್ವಿಚ್ಚಿನ ಎದುರಲ್ಲ, ಪೆಟ್ಟಿಗೆಯ ಎದುರಿಗಿತ್ತು.

"ಎಗ್ಯಾ, ಸಿಡಿ ಒಳಗಿದೆ ಅಂತ ನಿಮಗೆ ಗೊತ್ತಿತ್ತಾ?"

ಅಪ್ಪ ಕಿಟಕಿಯ ಕಡೆ ನೋಡಿದರು.

"ಎಗ್ಯಾ."

"ಹುಡುಕ್ತಾಳೆ... ಹುಡುಕುತ್ತೆ," ಎಂದರು. "ಸಂಜೆ. ಅದು ಅವಳನ್ನ... ಹುಡುಕುತ್ತೆ."

"ಸ್ಪೀಕರೇ ಇಲ್ವಲ್ಲ ಎಗ್ಯಾ. ಸಿಕ್ಕಿದ್ರೂ ಕೇಳ್ಸಲ್ಲ."

"ಹುಡುಕ್ಲಿ."

ಹಾಗಾದರೆ ನಿನ್ನೆ ಸಂಜೆಯೂ ಅಭ್ಯಾಸಬಲದಿಂದ ಆರಿಸಿದ್ದಲ್ಲ. ಹಾಡು ಹೋದೀತೆಂದು ಗೊತ್ತಿದ್ದೂ ಅವರು ಆ ಗುರ್ರೆನ್ನುವುದನ್ನು ಒಮ್ಮೆ ಕೇಳಲು ಕೂತಿದ್ದರು. ನನಗೆ ಸಿಟ್ಟು ಬಂತು, ಆ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ. ಕಿಟಕಿಯಾಚೆ ಹಳದಿ ಟೋಪಿಯವನು ಏಣಿಯ ಅರ್ಧ ಹತ್ತಿದ್ದ.

"ಎಗ್ಯಾ, ಹಾಡೂ ಅವಳದೇ ಅಲ್ವಾ," ಎಂದೆ. "ನೀವು ಅಷ್ಟು ದಿನ ಕೂತು ಮಾಡಿದ್ದು. ಈಗ ಕರೆಂಟ್ ಹೋದ್ರೆ ಎರಡೂ ಹೋಗುತ್ತೆ. ಸಿಡಿ ಹೇಗೂ ಓದ್ತಿಲ್ಲ. ದಯವಿಟ್ಟು ಕೋಲು ತೆಗೀರಿ."

ಅಪ್ಪ ತೆಗೆಯಲಿಲ್ಲ. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಬಲಗಡೆಯದು ಅವರಿಗೆ ತಿಳಿಯುತ್ತಲೂ ಇರಲಿಲ್ಲ. ಜೋಜೋ ಗೋಡೆಗೆ ಒರಗಿ ತನ್ನ ಚಪ್ಪಲಿ ನೋಡುತ್ತ ನಿಂತ.

ನಾನಾ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ತಲೆವಸ್ತ್ರದ ಪಿನ್ನು ಬಿಚ್ಚಿದಳು. ಅವಳ ಬಿಳಿಕೂದಲು ಬಿಸಿಲಿಗೆ ಬಿತ್ತು. ಅವಳು ಅಪ್ಪನ ಮುಂದೆ ಹೋಗಿ ಸ್ಟೂಲಿನ ಮೇಲೆ ಕೂತು, ಅವರ ಕೋಲಿನ ಮೇಲೆ ತನ್ನ ಕೈಯಿಟ್ಟಳು.

"ಮಾಸ್ಟರೇ, ಅವಳ ದನಿ ನಿಮಗಿಂತ ಮೊದ್ಲು ನಂದು. ಮಾತು ಬರೋಕೆ ಮುಂಚೆ ಅವಳು ಅಳ್ತಿದ್ದ ರಾಗ ಕೂಡ ನನಗೆ ಗೊತ್ತು. ಒಂದ್ಸಲ ಕೇಳ್ಸಿದ್ರೆ ನಾನೂ ಈ ಡಬ್ಬದ ಮುಂದೆನೇ ಚಾಪೆ ಹಾಸಿ ಮಲಗ್ತಿದ್ದೆ. ಕೇಳ್ಸಲ್ಲ. ಆ ಬಡಪಾಯಿ ಯಂತ್ರ ನಿನ್ನೆ ಸಂಜೆಯಿಂದ ಹೊಸ್ತಿಲಲ್ಲಿ ನಿಂತಿದೆ. ಯಾರನ್ನೂ ಅಷ್ಟು ಹೊತ್ತು ನಿಲ್ಲಿಸೋ ಮನೆ ಅಲ್ಲ ಇದು. ಅವಳು ಇದ್ದಿದ್ರೆ ನಿಮ್ಮಿಬ್ಬರಿಗೂ ಬೈತಿದ್ಲು."

ಅಪ್ಪನ ತುಟಿ ಒಂದು ಕಡೆಗೆ ಮಾತ್ರ ಅಲುಗಿತು. ಕೋಲು ನಿಧಾನವಾಗಿ ನೆಲಕ್ಕೆ ಇಳಿಯಿತು. ಜೋಜೋ ಮುಂದೆ ಬಂದ. ಅಪ್ಪ ಅವನನ್ನು ತಡೆದು, ನಾನಾಳ ಮುಂದೆ ತಮ್ಮ ಎಡಗೈ ಚಾಚಿದರು. ನಾನಾ ಆ ಅಂಗೈಯಲ್ಲಿ ಪಿನ್ನನ್ನು ಇಟ್ಟಳು.

ನಾವು ಅವರನ್ನು ಕುರ್ಚಿಯಿಂದ ಇಳಿಸಿ ನೆಲದ ಮೇಲೆ ಕೂರಿಸಿದೆವು. ಅವರ ಕೈಯ ಪಿನ್ನಿನ ತುದಿ ತೂತಿನ ಸುತ್ತ ಗೀರುತ್ತ, ಜಾರುತ್ತ, ಮತ್ತೆ ಗೀರುತ್ತಿತ್ತು. ಜೋಜೋ ಸಹಾಯಕ್ಕೆ ಕೈ ಚಾಚಿದ್ದನ್ನು ನಾನೇ ಹಿಡಿದೆ. ಹೊರಗೆ ಕಂಬದ ಮೇಲಿನವನು ಕೆಳಗಿನವನಿಗೆ ಏನೋ ಕೂಗಿದ. ಕೆಳಗಿನವನು, "ಇನ್ನೊಂದು ನಿಮಿಷ," ಎಂದ. ಪಿನ್ನು ಒಳಗೆ ಹೋಯಿತು. ಅಪ್ಪ ಒತ್ತಿದರು.

ಬಾಯಿ ಬೆರಳಗಲ ತೆರೆದು ಸಿಕ್ಕಿಕೊಂಡಿತು. ಅಪ್ಪ ಉಗುರು ಹಾಕಿ ಎಳೆದರು. ಉಪ್ಪಿನ ಕರಕರ ಸದ್ದಿನೊಂದಿಗೆ ಅದು ಹೊರಗೆ ಬಂತು. ಒಳಗಿನ ತಿರುಗುವಿಕೆ ತಾನಾಗಿ ಸೋತು ನಿಂತಿತು.

ನಾವು ಪರದೆ ನೋಡಿದೆವು. ನೀಲಿ ಹಾಗೇ ಇತ್ತು. ಜೋಜೋ ಪಿಸುಗುಟ್ಟಿ ಪ್ರಾರ್ಥಿಸುತ್ತಿದ್ದ, ಆ ಪಿಸುಮಾತೂ ಜೋರಾಗಿಯೇ ಇತ್ತು. ಪರದೆಯ ಮೇಲಿನ ಸಾಲು ಅಳಿಸಿಹೋಯಿತು. ಇನ್ನೊಂದು ಸಾಲು ಬಂತು. ಅದೂ ಹೋಯಿತು. ಕೋಣೆಯ ಗೋಡೆಗಳು ತಮ್ಮ ಸುಣ್ಣದ ಬಣ್ಣಕ್ಕೆ ಮರಳಿದವು. ಪೆಟ್ಟಿಗೆಯೊಳಗೆ ಒಂದು ಮೆತ್ತನೆಯ ಸದ್ದಾಗಿ ಎಲ್ಲ ಸುಮ್ಮನಾಯಿತು.

ಸ್ವಲ್ಪ ಹೊತ್ತಿನಲ್ಲಿ ಮೇಲಿನ ಫ್ಯಾನೂ ನಿಧಾನವಾಗಿ ನಿಂತಿತು. ಇಡೀ ಬೀದಿಯ ರೇಡಿಯೊಗಳು ಒಟ್ಟಿಗೆ ಬಾಯಿ ಮುಚ್ಚಿದವು.

ಜೋಜೋ ಸಿಡಿಯನ್ನು ಅಂಚು ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ. ಮೇಲಿನ ಬೆಳ್ಳಿ ಒಣಮೀನಿನ ಹುರುಪೆಯ ಹಾಗೆ ಎದ್ದು, ಅವನ ಬೆರಳಿಗೆ ಅಂಟಿ, ಉದುರುತ್ತಿತ್ತು. ಸಣ್ಣ ಸಣ್ಣ ತೂತುಗಳಿಂದ ಬಿಸಿಲು ತೂರಿ ಅಪ್ಪನ ಅಂಗಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿತ್ತು. ಅವನು ಅದನ್ನು ಅಪ್ಪನ ತೊಡೆಯ ಮೇಲಿಟ್ಟ.

"ಹೋಗು," ಎಂದಳು ನಾನಾ ಅವನಿಗೆ. "ಅರ್ಧ ದಾರಿ ಕೊಟ್ಟೆ. ನಾಳೆ ಕರೆಂಟ್ ಬಂದ ಕೂಡ್ಲೆ ಬರ್ಬೇಕು."

ಕರೆಂಟ್ ಬಂದದ್ದು ಮರುದಿನ ಮಧ್ಯಾಹ್ನ ಕಳೆದ ಮೇಲೆ. ಅಷ್ಟರವರೆಗೆ ನಾನು ಆ ಕಪ್ಪು ಪರದೆಯ ಎದುರು ಬಂದು ಬಂದು ನಿಂತೆ. ಆರಿತು ನಿಜ, ಹೊತ್ತೀತೇ? ಹೊತ್ತಿದರೂ ಹಾಡು ಇದ್ದೀತೇ? ಅಪ್ಪ ಊಟ ಮುಟ್ಟಲಿಲ್ಲ. ಫ್ಯಾನು ತಿರುಗಿದ ಕೂಡಲೇ ಜೋಜೋ ಓಡಿ ಬಂದ. ಅವನ ಹಿಂದೆ ಗಾಯಕರಲ್ಲಿ ಅರ್ಧದಷ್ಟು ಜನ ಕಾಗದ, ಪೆನ್ಸಿಲು ಹಿಡಿದು ಬಂದರು. ಅಂಗಳದಲ್ಲಿ ಬೆಂಚು ಹಾಕಿಸಿದೆ. ಯಾರೂ ಮುಟ್ಟದಿರಲೆಂದು ಗುಂಡಿಗೆ ನಾನೇ ಅಡ್ಡ ಕಟ್ಟಿದ್ದ ಕೆಂಪು ಬಟ್ಟೆ ಬಿಚ್ಚಿ ಒತ್ತಿದೆ.

ಅಂಕಿ ಕಕ್ಕಲಿಲ್ಲ. ಒದ್ದಾಡಲಿಲ್ಲ. ಸೀದಾ ಎದ್ದಿತು. ಹಾಡು ತೆರೆಯಿತು. ಮೊದಲ ಪುಟ, ಎರಡನೆಯದು, ನಾನು ಕಾಣದ ಮೂರನೆಯದು. ಜೋಜೋ ನನ್ನ ಹೆಗಲ ಮೇಲಿಂದ ಟೆನರ್ ಸಾಲನ್ನು ಮೆಲ್ಲಗೆ ಹಾಡತೊಡಗಿದ. ಬಾಗಿಲಲ್ಲಿದ್ದ, ಗಂಡಸರ ಕೆಳದನಿ ಹಾಡುವ ಬಾಸಿನವರು ಸೇರಿಕೊಂಡರು. ನಾನು ಪುಟ ಇಳಿಸುತ್ತ ಹೋದೆ, ಅವರು ಬರೆದುಕೊಳ್ಳುತ್ತ, ಹಾಡಿಕೊಳ್ಳುತ್ತ ಹೋದರು. ಅಪ್ಪ ಕುರ್ಚಿಯಲ್ಲಿ ಮುಂದೆ ಬಾಗಿ ಕೇಳುತ್ತಿದ್ದರು. ಅದು ತಮ್ಮದೆಂದು ಅವರಿಗೆ ನೆನಪಾಗಲಿಲ್ಲ. ಆದರೆ ಹಿಡಿಸಿತ್ತು, ಎಡಗಾಲು ತಾಳ ಹಾಕುತ್ತಿತ್ತು.

ಕೊನೆಯ ಪುಟಕ್ಕೆ ಬಂದಾಗ ನನ್ನ ಕೈ ನಿಂತಿತು.

ಮೇಲಿನ ಹೆಂಗಸರ ಸಾಲಿತ್ತು. ಗಂಡಸರ ಎರಡೂ ಸಾಲುಗಳಿದ್ದವು. ಅಡಿಯಲ್ಲಿ ಮಾತಿತ್ತು: ಒಲೆ ಇನ್ನೂ ಬೆಚ್ಚಗಿದೆ, ಬಾಗಿಲು ಇನ್ನೂ ತೆರೆದಿದೆ. ಎರಡನೆಯ ಸಾಲು, ಆಲ್ಟೊ, ಹೆಂಗಸರ ಕೆಳದನಿಯದು, ಪುಟದ ಉದ್ದಕ್ಕೂ ಖಾಲಿ. ಅಮ್ಮ ಮದುವೆಗೆ ಮುಂಚಿನಿಂದಲೂ ಹಾಡಿದ ಸಾಲದು. ಕಳೆದ ವರ್ಷದವರೆಗೆ ನಾನು ಅವಳ ಪಕ್ಕ ನಿಂತು ಹಾಡಿದ್ದೂ ಅದನ್ನೇ.

"ತಿಂದುಬಿಟ್ಟಿದೆ," ಎಂದ ಜೋಜೋ, ಹಣೆ ಹಿಡಿದುಕೊಂಡು. "ಹೋದ ಸಲ ಪ್ಲಗ್ ಕಿತ್ತಾಗಲೇ ತಿಂದಿರುತ್ತೆ."

"ಇಲ್ಲ, ಮಾಸ್ಟರೇ ಬಿಟ್ಟಿರಬಹುದು," ಎಂದಳು ಆಲ್ಟೊ ಹಾಡುವ ಹೆಂಗಸೊಬ್ಬಳು.

ತಿಳಿಯುವ ದಾರಿಯೇ ಇರಲಿಲ್ಲ. ನಮ್ಮ ಅಕ್ಷರಗಳಲ್ಲಿ ಎಳೆದ ಸ್ವರಕ್ಕೆ ಗುರುತಿದೆ, ಕತ್ತರಿಸಿದ ಸ್ವರಕ್ಕೆ ಗುರುತಿದೆ, ಮೌನಕ್ಕೆ ಇಲ್ಲ. ಹಾಡಬಾರದ ಕಡೆ ಖಾಲಿ ಬಿಡುತ್ತೇವೆ, ಅಷ್ಟೇ. ಯಂತ್ರ ನುಂಗಿದರೂ ಪುಟ ಹೀಗೇ ಕಾಣುತ್ತದೆ, ಅಪ್ಪ ಬೇಕೆಂದೇ ಬಿಟ್ಟಿದ್ದರೂ ಹೀಗೇ ಕಾಣುತ್ತದೆ.

"ಎಗ್ಯಾ," ಎಂದೆ. ಅವರ ಬೆರಳನ್ನು ಹಿಡಿದು ಪರದೆಯ ಮೇಲೆ ಆ ಖಾಲಿಗೆ ತಾಗಿಸಿದೆ. "ಇದನ್ನ ನೀವು ಬಿಟ್ಟಿದ್ದಾ? ಇಲ್ಲ ಇತ್ತಾ?"

ಅಪ್ಪ ಬಹಳ ಹೊತ್ತು ನೋಡಿದರು. ಮೇಲಿನ ಸಾಲು ಓದಿದರು, ಕೆಳಗಿನದು ಓದಿದರು, ಮತ್ತೆ ನಡುವಿಗೆ ಬಂದರು. ಅವರ ಮುಖದಲ್ಲಿ ಏನೋ ಹುಡುಕಾಟ ಹೊತ್ತಿ, ಆರಿ, ಮತ್ತೆ ಹೊತ್ತಿತು. ನನಗೆ ನೋಡಲಾಗಲಿಲ್ಲ.

"ಗೊತ್ತಿಲ್ಲ," ಎಂದರು.

ನಾವೇ ತುಂಬಿಸೋಣ ಎಂದರು ಕೆಲವರು. ಮೂರು ದನಿ ಇದ್ದರೆ ನಾಲ್ಕನೆಯದು ತಾನಾಗಿ ಹೊಂದುತ್ತದೆ, ಯಾವ ಆಲ್ಟೊ ಬೇಕಾದರೂ ಹಾಡಿಯಾಳು. ಅದು ನಿಜ. ನಾನೂ ಹಾಡಬಲ್ಲೆ. ಸ್ವರಗಳು ಆಗಲೇ ನನ್ನ ಗಂಟಲಿಗೆ ಬಂದು ಕೂತಿದ್ದವು. ನಾನಾ ಒಳಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಮೊದ್ಲಿಂದ ಒಂದ್ಸಲ ಹಾಡಿ ನೋಡೋಣ," ಎಂದೆ.

ಅಂಗಳದಲ್ಲಿ ನಿಂತೆವು, ನಾಲ್ಕು ಗುಂಪಾಗಿ. ಅಪ್ಪನ ಕುರ್ಚಿಯನ್ನು ಎದುರಿಗೆ ಹೊತ್ತು ತಂದರು. ಪಾರ್ಶ್ವವಾಯು ಆದ ಮೇಲೆ ಅವರು ಗಾಯಕರ ಮುಂದೆ ಕೂತದ್ದು ಅದೇ ಮೊದಲು. ಎಡಗೈ ಎತ್ತಿದರು. ಕೈಗೆ ಅದರ ಕೆಲಸ ಮರೆತಿರಲಿಲ್ಲ. ಒಂದೊಂದು ಗುಂಪಿಗೂ ಅದು ಸರಿಯಾದ ಕ್ಷಣಕ್ಕೆ ತಿರುಗಿ ದನಿಯನ್ನು ಕರೆಯಿತು, ಸುಮ್ಮನಾಗಿಸಿತು, ಮತ್ತೆ ಕರೆಯಿತು. ನಾವು ಕೊನೆಯ ಪುಟಕ್ಕೆ ತಿರುವಿದೆವು. ಅಪ್ಪನ ಕೈ ಹೆಂಗಸರ ಮೇಲುದನಿಯನ್ನು ಎತ್ತಿತು, ಗಂಡಸರನ್ನು ಎತ್ತಿತು, ಆಮೇಲೆ ನಮ್ಮ ಕಡೆ ಬಂತು. ಬಂದು, ಅಂಗೈ ಮೇಲಾಗಿ, ಗಾಳಿಯಲ್ಲಿ ನಿಂತಿತು.

ಪಕ್ಕದ ಹೆಂಗಸರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯಲಿಲ್ಲ. ಅವರೂ ತೆರೆಯಲಿಲ್ಲ. ಉಳಿದ ಮೂರು ದನಿಗಳು ಹಾಡುತ್ತ ಹೋದವು, ನಡುವೆ ನಮ್ಮಗಲದ ಜಾಗ ಬಿಟ್ಟುಕೊಂಡು. ಅಪ್ಪ ಆ ಜಾಗಕ್ಕೆ ಕಿವಿ ಕೊಟ್ಟು, ಕೈಯನ್ನು ಅಲ್ಲೇ ಹಿಡಿದು ಕೂತಿದ್ದರು. ಹಾಡು ಮುಗಿಯುವವರೆಗೂ ಅದನ್ನು ಇಳಿಸಲಿಲ್ಲ.